ಅರ್ಧ ಪಿಚ್ಚರಿನ ನರ್ಸಬಾಯಿ

ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ. ನಳಕ್ಕೆ ನೀರು ಬರುವ ದಿನವಾದ್ದರಿಂದ ಮೊದಲು ಕೊಡಗಳು, ಆಮೇಲೆ ಹಿತ್ತಲ ಡ್ರಮ್ಮು ತುಂಬಿಸಿದೆ. ಮಗಳಿಗೆ ಕಾಲೇಜಿನ ಡಬ್ಬಿ ಕಟ್ಟಿದೆ; ಎಂದಿನಂತೆ ಬೇಡ ಅಂದಳು, ಎಂದಿನಂತೆ ಒಯ್ದಳು. ಹಾಲು ತೆಳ್ಳಗಿದೆ ಎಂದು ಹಾಲಿನವನಿಗೆ ಎರಡು ಮಾತು ಅಂದೆ. ತೊಗರಿಬೇಳೆ ಆರಿಸಿ ಡಬ್ಬಕ್ಕೆ ಹಾಕಿದೆ. ಇವರ ಅಂಗಿಗೆ ಗುಂಡಿ ಹಚ್ಚಿದೆ. ಸಂಜೆ ರೊಟ್ಟಿಯ ಹಿಟ್ಟು ನಾದುವ ಮೊದಲು ಕೈತೊಳೆದು, ಫ್ರಿಜ್ಜಿನ ಬಾಗಿಲಲ್ಲಿಟ್ಟ ಸಣ್ಣ ಶೀಸೆ ತೆಗೆದು, ಎರಡು ಅಂಗೈಗಳ ನಡುವೆ ಹೊರಳಿಸಿ, ಅತ್ತೆಯವರಿಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಕೊಟ್ಟೆ.

ಕೊಡುವ ಮೊದಲು ಸಿರಿಂಜನ್ನು ಬೆಳಕಿಗೆ ಹಿಡಿದು ಉಗುರಿನಿಂದ ಟಕ್ ಟಕ್ ಎಂದು ಬಡಿಯುತ್ತೇನೆ, ಒಳಗಿನ ಗಾಳಿಯ ಗುಳ್ಳೆ ಮೇಲೇರಲಿ ಎಂದು. ಆಗೆಲ್ಲ ನರ್ಸಬಾಯಿಯ ಬೆರಳು ಕಣ್ಣಿಗೆ ಬರುತ್ತದೆ. ಕತ್ತರಿಸಿ ಕತ್ತರಿಸಿ ಮೊಂಡಾದ ಉಗುರು, ಬದುಕೆಲ್ಲ ಸಾಬೂನಿನಲ್ಲಿ ನೆನೆದು ತುದಿ ಬೆಳ್ಳಗಾದ ಬೆರಳು. ವಾಚನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ಹೊತ್ತು ನೋಡಬೇಕಾದರೆ ಅಂಗೈಯನ್ನು ಮೇಲೆ ಮಾಡಿ, ತಮ್ಮ ಭವಿಷ್ಯವನ್ನು ತಾವೇ ಓದಿಕೊಳ್ಳುವವರಂತೆ ಅದರೊಳಗೆ ಇಣುಕುತ್ತಿದ್ದರು.

ಅವರು ಬಸವಕಲ್ಯಾಣದ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ನಿವೃತ್ತಿಯಾದ ಮೇಲೆ ಹುಮನಾಬಾದಿಗೆ ಬಂದು ನಮ್ಮ ಓಣಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದರು. ಒಬ್ಬರೇ. ಮದುವೆ ಆಗಿರಲಿಲ್ಲ. ಕ್ರೈಸ್ತರು. ಭಾನುವಾರ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ಚರ್ಚಿಗೆ ಹೋಗುತ್ತಿದ್ದರು. ಅಲ್ಲಿ ಢೋಲಕ್ಕಿನ ಜೊತೆ ಹಾಡಿದ ಹಾಡನ್ನು ಮಧ್ಯಾಹ್ನ ಬಟ್ಟೆ ಒಗೆಯುವಾಗಲೂ ಗುನುಗುತ್ತಿದ್ದರು. ಡಿಸೆಂಬರ್ ಬಂತೆಂದರೆ ಮಾಳಿಗೆಯ ಮೇಲೆ ಕಾಗದದ ನಕ್ಷತ್ರ ತೂಗುತ್ತಿತ್ತು, ಓಣಿಯ ಎಲ್ಲರ ಮನೆಗೆ ಸಿಹಿಯಾಗಿ ಕರಿದ ಶಂಕರಪಾಳಿ ಬರುತ್ತಿತ್ತು. ದೇವತೆಯಂಥವರು ಎಂದು ಬರೆದರೆ ಸುಳ್ಳಾದೀತು. ಹಾಲಿನವನ ಮೇಲೆ ಅವರಿಗೆ ಎಂಥ ಸಿಟ್ಟೆಂದರೆ, "ಭಾನುವಾರ ಅವನ ಸಲುವಾಗಿ ಪ್ರಾರ್ಥನಾ ಮಾಡ್ತೀನಿ, ಸೋಮವಾರ ಮುಂಜಾನೆ ಮತ್ತ ಅವನ ಹಾಲು ನೋಡ್ತೀನಿ, ಹೋತು ಎಲ್ಲಾ" ಎನ್ನುತ್ತಿದ್ದರು.

ಅತ್ತೆಯವರಿಗೆ ಸಕ್ಕರೆ ಏರಿ, ದಿನಕ್ಕೆ ಎರಡು ಸಲ ಇಂಜೆಕ್ಷನ್ ಬೇಕೆಂದು ಡಾಕ್ಟರು ಹೇಳಿದಾಗ ಮನೆಯಲ್ಲಿ ಯಾರಿಗೂ ಸೂಜಿ ಹಿಡಿಯುವ ಧೈರ್ಯವಿರಲಿಲ್ಲ. ನಾನೇ ಹೋಗಿ ಕೇಳಿದೆ. "ಅದ್ಕೇನ್ ತಂಗಿ, ಈ ಕೈಗೆ ಬ್ಯಾರೆ ಏನ್ ಕೆಲಸ ಅದ?" ಎಂದು ಅಂದೇ ಸಂಜೆ ಬಂದರು.

ಮೊದಮೊದಲು ಅತ್ತೆಯವರು ಅವರ ಚಹಾದ ಕಪ್ಪನ್ನು ಬೇರೆಯಾಗಿ ಕಿಟಕಿಯ ಮೂಲೆಯಲ್ಲಿಡುತ್ತಿದ್ದರು. ನಾನು ಏನಾದರೂ ಅನ್ನುವ ಮೊದಲೇ ನರ್ಸಬಾಯಿ ತಾವೇ ಅದನ್ನು ತೆಗೆದುಕೊಂಡು ಬರುತ್ತಿದ್ದರು, ತೊಳೆದು ಅಲ್ಲೇ ಇಡುತ್ತಿದ್ದರು. ಒಂದು ದಿನ ಕಪ್ಪು ಅಲ್ಲಿರಲಿಲ್ಲ. ಮನೆಯ ಉಳಿದ ಕಪ್ಪುಗಳ ಜೊತೆ ಸೇರಿಬಿಟ್ಟಿತ್ತು. ಸೇರಿಸಿದವರು ಅತ್ತೆಯವರೇ ಇರಬೇಕು, ನಾನಂತೂ ಅಲ್ಲ. "ಅಕ್ಕಾ, ನನ್ನ ಕಪ್ಪಿನ ಗುರ್ತಾನೇ ಸಿಗವಲ್ದಲ್ಲರಿ" ಎಂದು ನರ್ಸಬಾಯಿ ಹುಡುಕುತ್ತಾ ನಿಂತರು. ಅತ್ತೆಯವರು ಗೋಡೆಯ ಕಡೆ ನೋಡುತ್ತಾ, "ಯಾವುದರಾಗರೆ ಕುಡೀರಿ, ಸುಮ್ಮ" ಎಂದರು.

ಇಂಜೆಕ್ಷನ್ ಕೊಟ್ಟ ಮೇಲೆ ಅರ್ಧ ತಾಸಿಗೆ ಊಟ ಮಾಡಲೇಬೇಕು. ಮಾಡದಿದ್ದರೆ ಸಕ್ಕರೆ ಇಳಿದು ಕಣ್ಣಿಗೆ ಕತ್ತಲೆ ಬರುತ್ತದೆ. ಅತ್ತೆಯವರು ಹಸಿವಿಲ್ಲ ಎಂದು ತಟ್ಟೆ ಸರಿಸುವವರು. ಹಾಗಾಗಿ ಊಟಕ್ಕೆ ಕೂರುವವರೆಗೆ ನರ್ಸಬಾಯಿ ಏಳುತ್ತಿರಲಿಲ್ಲ. ಆ ಅರ್ಧ ತಾಸು ತುಂಬಿಸುವುದಕ್ಕೆ ಅವರು ಹೇಳತೊಡಗಿದ್ದೇ ಪಿಚ್ಚರಿನ ಕಥೆ.

ಎಲ್ಲಾ ಪ್ರೀತಿಯ ಪಿಚ್ಚರುಗಳೇ. ಕಾಲೇಜಿನಲ್ಲಿ ಪುಸ್ತಕ ಬಿದ್ದು ಪ್ರೀತಿಯಾದವರು, ಬಸ್ಸು ತಪ್ಪಿ ಪ್ರೀತಿಯಾದವರು, ಒಬ್ಬರನ್ನೊಬ್ಬರು ಬೈದೂ ಬೈದೂ ಪ್ರೀತಿಯಾದವರು. ನಾಯಕಿಯ ಸೀರೆಯ ಬಣ್ಣ, ಹಾಡಿನಲ್ಲಿ ಹಿಂದೆ ಕಾಣುವ ಗುಡ್ಡ, ಟಾಕೀಸಿನ ಮುಂದಿನ ಸೀಟಿನವರ ಸಿಳ್ಳೆ, ಎಲ್ಲವೂ ಬರಬೇಕು. ಅರ್ಧಕ್ಕೆ ಬಂದಾಗ ಅಂಗೈ ತಿರುಗಿಸಿ ಹೊತ್ತು ನೋಡಿ, "ಇಂಟರ್ವಲ್" ಎನ್ನುವರು. ನಾನು ಅಷ್ಟರಲ್ಲಿ ರೊಟ್ಟಿ ಬಡಿಯಲು ಏಳುತ್ತಿದ್ದೆ. ಉಳಿದದ್ದು ಒಲೆಯ ಬಳಿ ಕೂತೇ ಕೇಳುತ್ತಿದ್ದೆ.

ಅವರ ಪಿಚ್ಚರುಗಳ ಎರಡನೆಯ ಅರ್ಧ ಒಂದು ರೀತಿ ಬೇರೆಯಾಗಿರುತ್ತಿತ್ತು. ಪ್ರೇಮಿಗಳನ್ನು ಅಗಲಿಸಿದ ದುಷ್ಟ ಕಾಕಾನಿಗೆ ಟೈಫಾಯಿಡ್ ಬರುತ್ತಿತ್ತು. ಅವನನ್ನು ಯಾರೂ ನೋಡುವವರಿಲ್ಲದೆ ಆ ನಾಯಕಿಯೇ ಗಂಜಿ ಕುಡಿಸುತ್ತಿದ್ದಳು. ನಾಯಕ ಕತ್ತಿ ಹಿಡಿದು ಬಂದವನು ಇದನ್ನು ನೋಡಿ, ಕತ್ತಿಯನ್ನು ಮೂಲೆಗಿಟ್ಟು ಕಾಕಾನ ಚಾದರ ಬದಲಿಸುತ್ತಿದ್ದ. ಕೊನೆಗೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದರು. ಅತ್ತೆಯವರು ಕಣ್ಣೊರೆಸಿಕೊಂಡು, "ಕೊಡು, ನನಗೂ ಹಸಿದದ" ಎನ್ನುತ್ತಿದ್ದರು.

ನಾನು ಇದನ್ನೆಲ್ಲ ಖರೆ ಎಂದೇ ನಂಬಿದ್ದೆ. ನನ್ನ ತವರೂರಾದ ಹುಡಗಿಯಲ್ಲಿ ಒಂದು ಮದುವೆ. ಅರಿಶಿನ ಕುಟ್ಟುವಾಗ ಅಕ್ಕತಂಗಿಯರ ನಡುವೆ ಅಂಥದೊಂದು ಪಿಚ್ಚರಿನ ಮಾತು ಬಂತು. "ಕಡೀಕ ಆ ಕಾಕಾಗ ಆಕಿ ಗಂಜಿ ಕುಡಸ್ತಾಳ" ಎಂದೆ ನಾನು. ಅವರೆಲ್ಲ ಕುಟ್ಟುವುದು ಬಿಟ್ಟು ನನ್ನ ಮುಖ ನೋಡಿದರು. "ಯಾವ ಗಂಜಿ? ಆ ಕಾಕಾನ ಮ್ಯಾಲ ಲಾರಿ ಹಾಯ್ತದಲ್ಲೇ!" ನಾನು ಆಣೆ ಹಾಕಿ ವಾದಿಸಿದೆ. ಮದುವೆಮನೆಯೆಲ್ಲ ನಕ್ಕಿತು. ಇಂದಿಗೂ ಅಲ್ಲಿ ನನ್ನನ್ನು ಕಂಡರೆ "ಗಂಜಿ ಆತೇನು?" ಎಂದು ಕೇಳುತ್ತಾರೆ.

ಹುಮನಾಬಾದಿಗೆ ಬಂದವಳೇ ನರ್ಸಬಾಯಿಯನ್ನು ಹಿಡಿದುಕೊಂಡೆ. ಅವರು ಕನ್ನಡಕ ಜಾರುವಷ್ಟು ನಕ್ಕರು.

"ಏನ್ ಮಾಡ್ಲಿ ತಂಗಿ? ಮಧ್ಯಾಹ್ನದ ಆಟ, ಸಂಜೀಕ ಡ್ಯೂಟಿ. ಇಂಟರ್ವಲ್ ಆದ ಕೂಡ್ಲೆ ಎದ್ದು ಓಡಬೇಕು. ಜಿಂದಗಿ ಎಲ್ಲಾ ಅರ್ಧರ್ಧ ಪಿಚ್ಚರ್ ನೋಡೀನಿ. ಉಳಿದದ್ದು ವಾರ್ಡಿನಾಗ ಓಡಾಡ್ಕೊಂತ ನಾನೇ ಹೊಲಕೊಂಡೀನಿ."

"ಹಂಗಾದ್ರ ಈಗ ಟೀವ್ಯಾಗ ಪೂರಾ ನೋಡ್ಬಹುದಲ್ಲರಿ?"

"ಒಂದೆರಡು ನೋಡ್ದೆ. ಬರೇ ಹೊಡೆದಾಟ. ನನ್ನವೇ ಛಲೋ ಅವ." ಅಂದಿನಿಂದ ಟೀವಿಯಲ್ಲಿ ಪಿಚ್ಚರು ಅರ್ಧವಾದಾಗ ಆರಿಸಿಬಿಡುತ್ತಿದ್ದರು. ಈ ಗುಟ್ಟನ್ನು ಅತ್ತೆಯವರಿಗೆ ನಾನು ಹೇಳಲಿಲ್ಲ. ಅವರ ಊಟ ನಿಂತೀತೆಂಬ ಭಯ.

ಒಂದು ಸಂಜೆ ಅತ್ತೆಯವರೇ ಕೇಳಿದರು, "ನಿಮ್ಮ ಚರ್ಚಿನಾಗ ಬರೇ ಪ್ರೀತಿ ಪ್ರೀತಿ ಅಂತಾರಂತಲ್ಲರಿ ಬಾಯಿ, ಅದೂ ಇದೇ ಪಿಚ್ಚರಿನ ಪ್ರೀತೀನೇ ಏನು?"

ನರ್ಸಬಾಯಿ ಸಿರಿಂಜಿನ ಮುಚ್ಚಳ ಹಾಕಿದರು. "ಪಿಚ್ಚರಿನಾಗ ಮನಸಿಗೆ ಬಂದವರ ಮ್ಯಾಲ ಪ್ರೀತಿ ಆಗ್ತದ ಅಕ್ಕಾ. ಅದೂ ದೇವರು ಕೊಟ್ಟದ್ದೇ, ಸಣ್ಣದಲ್ಲ. ನಮ್ಮ ಪಾಸ್ಟರು ಹೇಳೋದು ಬ್ಯಾರೆ. ವಾರ್ಡಿನಾಗ ನೋಡ್ರಿ, ಮಂಚದ ಮ್ಯಾಲ ಯಾರು ಬಂದು ಮಲಗ್ತಾರ ಅವರಿಗೆ ಪಟ್ಟಿ ಕಟ್ಟಬೇಕು. ಈತ ನನಗ ಸೇರ್ತಾನೋ ಇಲ್ಲೋ ಅಂತ ನೋಡಂಗಿಲ್ಲ. ನಮ್ಮ ಸ್ವಾಮಿ ತನಗ ಮೊಳೆ ಹೊಡೆದವರ ಸಲುವಾಗೂ ಬೇಡ್ಕೊಂಡ. ನನಗಂತೂ ಆ ಪ್ರೀತಿ ಹಾಲಿನವನ ತನಕಾನೇ ಒಯ್ಯಾಕ ಆಗವಲ್ದು."

"ಮನಸಿಗೆ ಬರಲಾರದವರಿಗೆ ಹ್ಯಾಂಗ ಮಾಡೋದ್ರಿ ಪ್ರೀತಿ?"

"ಮೊದಲು ಪಟ್ಟಿ ಕಟ್ಟೋದು. ಮನಸು ಹಿಂದಿನಿಂದ ಬರ್ತದ. ಕೆಲವೊಮ್ಮೆ ಭಾಳ ತಡಾ ಮಾಡಿ ಬರ್ತದ."

ಅದೇ ಸಂಜೆ, ಕೇಳದೆಯೇ, ತಮ್ಮದೊಂದು ಮಾತು ಹೇಳಿದರು. ಆಸ್ಪತ್ರೆಯಲ್ಲಿ ಒಬ್ಬ ಕಂಪೌಂಡರ್ ಅವರನ್ನು ಮದುವೆಯಾಗುತ್ತೇನೆಂದಿದ್ದನಂತೆ, ಬೇರೆಯವಳನ್ನು ಆದ. ಅವಳ ಹೆರಿಗೆಗೆ ಅದೇ ವಾರ್ಡಿಗೆ ಬಂದರು. "ಡ್ಯೂಟಿ ಬದಲಿ ಮಾಡ್ಕೋಬಹುದಿತ್ತು. ಮಾಡ್ಕೊಳ್ಳಿಲ್ಲ. ಕೂಸಿನ ಮೊದಲ ಜಳಕ ಈ ಕೈಲೇ ಆತು. ಆಮ್ಯಾಲ ಸ್ಟೋರ್ ರೂಮಿನಾಗ ಹೋಗಿ ಕಣ್ಣೀರು ಹಾಕ್ದೆ ಅನ್ನೋದು ಬ್ಯಾರೆ ಮಾತು." ಹೇಳಿ ಅಂಗೈ ತಿರುಗಿಸಿ, "ಊಟದ ಹೊತ್ತಾತು" ಎಂದರು.

ಈಗ ನನ್ನ ನಾದಿನಿಯ ವಿಷಯ ಹೇಳಬೇಕು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿನ್ನೂ ಎರಡು ಜಡೆಯ ಹುಡುಗಿ. ನನ್ನ ತಲೆ ಬಾಚಿ, ನನ್ನ ಅಳು ಒರೆಸಿದವಳು ಅವಳು. ಮಾವನವರು ತೀರಿಕೊಂಡ ಮೇಲೆ ಅತ್ತೆಯವರಿಗಂತೂ ಅವಳೇ ಪ್ರಾಣ. ಅವಳು ಬಸವಕಲ್ಯಾಣದ, ಬೇರೆ ಜಾತಿಯ, ಮೊಬೈಲ್ ರಿಪೇರಿ ಅಂಗಡಿಯ ಹುಡುಗನನ್ನು ಮದುವೆಯಾಗಿ ಹೋದಳು. ಅತ್ತೆಯವರು "ನನಗ ಒಬ್ಬನೇ ಮಗ" ಎಂದು ಬಾಗಿಲು ಹಾಕಿಕೊಂಡರು. ನಮ್ಮ ಮನೆಯವರು ಅವ್ವನ ಮಾತಿಗೆ ತಲೆಯಾಡಿಸಿದರು. ಆಮೇಲೆ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ನಾನು ಮಾತ್ರ ಹಿತ್ತಲಿಗೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದೆ. ಬಸ್ಸಿನಲ್ಲಿ ಹೋದರೆ ಒಂದು ತಾಸಿನ ಊರು. ಅದು ಆಚೆ ಲೋಕದಷ್ಟು ದೂರವಾಗಿತ್ತು.

ಅವಳಿಗೆ ಹೆಣ್ಣುಮಗು ಹುಟ್ಟಿದ ಸುದ್ದಿ ನನಗೆ ಫೋನಿನಲ್ಲಿ ಬಂತು. ಬಾಗಿಲ ಹಿಂದೆ ಅತ್ತೆಯವರು ನಿಂತಿದ್ದರೆಂದು ನನಗೆ ಆಮೇಲೆ ತಿಳಿಯಿತು. ಅಂದಿನಿಂದ ಅವರು ಊಟ ಕಡಿಮೆ ಮಾಡಿದರು. ಸಕ್ಕರೆ ಒಮ್ಮೆ ಏರುವುದು, ಒಮ್ಮೆ ಇಳಿಯುವುದು. ನರ್ಸಬಾಯಿ ಕಾರಣ ಕೇಳಿದರು, ನಾನು ಹೇಳಿದೆ.

ಮರುದಿನ ಸಂಜೆ ಸೂಜಿ ಹಾಕಿ ಅವರು ಹೊಸ ಪಿಚ್ಚರು ಶುರುಮಾಡಿದರು. ಒಂದು ಊರು, ಒಬ್ಬ ತಾಯಿ, ಗಂಡನಿಲ್ಲ. ಎರಡು ಜಡೆಯ ಮಗಳು. ಮಗಳಿಗೆ ಒಬ್ಬ ಹುಡುಗನ ಮೇಲೆ ಪ್ರೀತಿ. ಅತ್ತೆಯವರು ಮೊದಲು ಬಾಗಿ ಕೇಳುತ್ತಿದ್ದವರು ಮೆಲ್ಲಗೆ ಹಿಂದೆ ಸರಿದು ಗೋಡೆಗೊರಗಿದರು. ನನ್ನ ಕೈಯಲ್ಲಿ ಹಿಟ್ಟು ಹಾಗೇ ನಿಂತಿತು.

"ತಾಯಿ ಬಾಗಲಾ ಹಾಕ್ಕೊಂಡ್ಳು. ಇಂಟರ್ವಲ್" ಎಂದರು ನರ್ಸಬಾಯಿ.

"ಮುಂದ?"

"ಮುಂದ ಡ್ಯೂಟಿ ಇತ್ತು. ನಾ ನೋಡಿಲ್ಲ."

"ಎಲ್ಲಾ ಪಿಚ್ಚರಿಂದೂ ಹೇಳೀರಿ, ಇದೊಂದ್ಕ ಯಾಕ ಕಂಜೂಸಿ?"

"ಎಲ್ಲಾ ಅರ್ಧಾನೇ ನೋಡಿದ್ದು ಅಕ್ಕಾ. ಉಳಿದದ್ದು ನಾನೇ ಕಟ್ಟಿ ಹೇಳಿದ್ದು. ಇದು ನನ್ನ ಕೈಲೆ ಆಗವಲ್ದು. ಇದನ್ನ ನೀವು ಹೇಳ್ರಿ."

ಅತ್ತೆಯವರ ಮುಖ ಕೆಂಪಾಯಿತು. "ಅಂದ್ರ ಇಷ್ಟು ದಿನ ಸುಳ್ಳು ಹೇಳಿ ಉಣಿಸೀರಿ. ಈಗ ನನ್ನ ಮನಿ ಕತಿ ನನಗೇ ಹೇಳಾಕ ಬಂದೀರಿ. ಕೂಸು ಹಡೆದವರಿಗೆ ಗೊತ್ತದ ಆ ಉರಿ, ನಿಮಗೇನ್ ಗೊತ್ತು? ನಾಳಿಂದ ಬರಬ್ಯಾಡ್ರಿ."

ಆ ಮಾತು ನರ್ಸಬಾಯಿಗೆ ನಾಟಿದ್ದು ನಾನು ನೋಡಿದೆ. ಅವರು ಅಂಗೈಯ ವಾಚು ನೋಡಿಕೊಂಡು, "ತಂಗಿ, ಅಕ್ಕಗ ತಾಟು ಹಚ್ಚು. ಉಂಡು ಆಮ್ಯಾಲ ಬೈಲಿ" ಎಂದರು. ತಟ್ಟೆ ಬರುವ ತನಕ ಕೂತೇ ಇದ್ದರು. ಗೇಟಿನ ಹತ್ತಿರ ನನ್ನನ್ನು ಕರೆದು, "ನಾ ತಪ್ಪು ಮಾಡಿದ್ನೇನು? ಬಾಯಿ ಮುಚ್ಕೊಂಡು ಕಾಕಾಗ ಗಂಜಿ ಕುಡಿಸ್ಕೊಂಡು ಇರಬೇಕಾಗಿತ್ತು" ಎಂದರು.

ಬೆಳಿಗ್ಗೆ ಸರಿಯಾದ ಹೊತ್ತಿಗೆ ಬಂದರು.

"ಬರಬ್ಯಾಡ ಅಂದಿದ್ದೆ."

"ಪಿಚ್ಚರ್ ಹೇಳಾಕ ಬಂದಿಲ್ಲ ಅಕ್ಕಾ, ಸೂಜಿ ಹಾಕಾಕ ಬಂದೀನಿ."

ಅತ್ತೆಯವರು ಮುಖ ತಿರುಗಿಸಿ ತೋಳು ಕೊಟ್ಟರು. ಆಮೇಲಿನ ಅರ್ಧ ತಾಸು ಇಬ್ಬರೂ ಮಾತಿಲ್ಲದೆ ಕೂತರು. ಸಂಜೆಯೂ ಹಾಗೇ. ಮರುದಿನವೂ ಹಾಗೇ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಕುಕ್ಕರಿನ ಸೀಟಿ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಎದ್ದು ಹೋಗುವಂತೆ ಅತ್ತೆಯವರು ಹೇಳಲಿಲ್ಲ, ಹೋಗುವ ಆತುರ ನರ್ಸಬಾಯಿಗೂ ಇರಲಿಲ್ಲ.

ಒಂದು ಸಂಜೆ, ಸೂಜಿಯಾದ ಮೇಲೆ, ಅತ್ತೆಯವರು ಗೋಡೆಗೆ ಹೇಳುವಂತೆ ಹೇಳಿದರು, "ಆ ತಾಯಿಗೆ ಬಸ್ ಹತ್ತಿದ್ರ ವಾಂತಿ ಆಗ್ತದ."

ಯಾವ ತಾಯಿ ಎಂದು ನಾನು ಕೇಳುವಷ್ಟರಲ್ಲಿ ನರ್ಸಬಾಯಿ ಕಣ್ಣಿನಲ್ಲೇ ನನ್ನನ್ನು ತಡೆದರು. "ಲಿಂಬಿಹಣ್ಣು ಮೂಸ್ಕೊಂತ ಹೋಗ್ತಾಳ್ರಿ" ಎಂದರು.

"ಆಕಿಗೆ ಮಗಳ ಮನಿ ಗೊತ್ತಿಲ್ಲ."

"ಸೊಸಿಗೆ ಗೊತ್ತದ. ಸಂಗಡ ಕರ್ಕೊಂಡು ಹೋಗ್ತಾಳ."

ಅತ್ತೆಯವರು ನನ್ನ ಕಡೆ ಒಮ್ಮೆ ನೋಡಿದರು. "ಖಾಲಿ ಕೈಲೆ ಹೋಗಂಗಿಲ್ಲ. ಕೂಸಿಗೆ ಕುಲಾಯಿ ಒಯ್ತಾಳ. ಮಗಳಿಗೆ ಶೇಂಗಾ ಹೋಳಿಗಿ. ಹೂರಣದ್ದು ಆಕಿಗೆ ಸೇರಂಗಿಲ್ಲ. ಮಕ ನೋಡ್ತಾಳ, ಬರ್ತಾಳ. ಅವರ ಮನಿ ನೀರು ಸೈತ ಮುಟ್ಟಂಗಿಲ್ಲ."

"ಆಗ್ಲಿ. ಪಿಚ್ಚರ್ ನಿಮ್ಮದು" ಎಂದರು ನರ್ಸಬಾಯಿ.

ಮರುದಿನ ನನ್ನನ್ನು ತಮ್ಮ ಖೋಲಿಗೆ ಕರೆದು ಕೈಗೊಂದು ಮೋಸಂಬಿ ಕೊಟ್ಟರು. ಅದಕ್ಕೆ ಸೂಜಿ ಚುಚ್ಚಿ ಚುಚ್ಚಿ ಕಲಿಸಿದರು. ಗುಳ್ಳೆ ತೆಗೆಯುವುದು, ಚರ್ಮ ಚಿವುಟಿ ಹಿಡಿಯುವುದು, ಮೆಲ್ಲಗೆ ಒತ್ತುವುದು. "ಸಂಜೀಗೆ ತಿರುಗಿ ಬರ್ತೀವಲ್ಲರಿ, ಇದು ಯಾಕ?" ಎಂದೆ. "ಬಸ್ಸಿಂದು ಏನ್ ಭರೋಸಾ? ಇರ್ಲಿ" ಎಂದು ಶೀಸೆಯನ್ನು ಬಟ್ಟೆಯಲ್ಲಿ ಸುತ್ತಿ, ಐಸಿನ ತುಂಡು ಹಾಕಿದ ಥರ್ಮಾಸಿನಲ್ಲಿಟ್ಟರು. "ಏಳಕ್ಕ ಸೂಜಿ. ಆಮ್ಯಾಲ ಏನ್ ಆಗ್ಬೇಕು ನಿನಗ ಗೊತ್ತದ."

ಬಸವಕಲ್ಯಾಣದಲ್ಲಿ ನಾದಿನಿ ಬಾಗಿಲು ತೆಗೆದು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅತ್ತೆಯವರು ನೇರ ಒಳಗೆ ಹೋಗಿ ಮಗುವಿನ ತಲೆಗೆ ಕುಲಾಯಿ ಹಾಕಿದರು. ಕುಲಾಯಿ ಮಗುವಿಗೆ ದೊಡ್ಡದಾಗಿ ಕಣ್ಣಿನ ಮೇಲೆ ಜಾರಿತು. ಅದನ್ನು ಸರಿಮಾಡುತ್ತಾ ಅತ್ತೆಯವರು ಮಗುವನ್ನು ತೊಡೆಗೆ ತೆಗೆದುಕೊಂಡರು. ಕೊಟ್ಟ ನೀರು ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದರೆ ಮನೆಯಿಂದ ತಂದ ರೊಟ್ಟಿಯ ಗಂಟು ಬಿಚ್ಚಿದರು. ಮಗು ತೊಡೆಯ ಮೇಲೆ ನಿದ್ದೆಹೋಯಿತು. ಹೋಗೋಣವೇ ಎಂದು ನಾನು ಕೇಳಿದಾಗಲೆಲ್ಲ, "ಕೂಸು ಏಳ್ಲಿ" ಎನ್ನುತ್ತಿದ್ದರು. ಎದ್ದ ಮೇಲೆ, "ಹಾಲು ಕುಡೀಲಿ." ಕುಡಿದ ಮೇಲೆ ಅದು ಮತ್ತೆ ಮಲಗಿತು. ಹಾಗೇ ಸಂಜೆಯಾಯಿತು. ಅಂಗಡಿ ಮುಚ್ಚಿ ಅಳಿಯ ಬಂದ. ಒಳಗೆ ಬರಲು ಹೆದರಿ ತನ್ನ ಮನೆಯ ಹೊಸ್ತಿಲಲ್ಲೇ ನಿಂತ.

ಏಳಾಯಿತು. ನಾನು ಥರ್ಮಾಸ್ ಬಿಚ್ಚಿದೆ. ಅತ್ತೆಯವರು ಸೂಜಿಯನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೆ ಎಲ್ಲಾ ತಿಳಿಯಿತು. ಚುಚ್ಚಿಸಿಕೊಂಡರೆ ಅರ್ಧ ತಾಸಿಗೆ ಉಣ್ಣಲೇಬೇಕು, ಮನೆಯಿಂದ ತಂದ ರೊಟ್ಟಿ ಮುಗಿದಿತ್ತು. ಬೇಡ ಎನ್ನಬಹುದಿತ್ತು. ನಾನು ಸಿರಿಂಜಿಗೆ ಉಗುರು ಬಡಿದು ಕಾಯುತ್ತಾ ನಿಂತೆ.

"ಆ ಬಾಯಿ ಭಾಳ ಶಾಣ್ಯಾಕಿ ಇದ್ದಾಳ" ಎಂದು ಅತ್ತೆಯವರು ತೋಳು ಮುಂದೆ ಮಾಡಿದರು. "ಹಾಕು. ಕೈ ನಡುಗಿಸಬ್ಯಾಡ."

ನನ್ನ ಮೊದಲ ಇಂಜೆಕ್ಷನ್ ಅದು. ಆಮೇಲೆ ಅವರು ಹೊಸ್ತಿಲ ಕಡೆ ನೋಡಿ, "ನಿಂದೇ ಮನ್ಯಾಗ ನೀನೇ ಹೊರಗ ಯಾಕ ನಿಂತಿ? ಬಾ, ಕೂಡು. ಹುಡುಗಿ, ನಮ್ಮಿಬ್ಬರಿಗೂ ತಾಟು ಹಚ್ಚು" ಎಂದರು. ನಾದಿನಿ ಅಡುಗೆಮನೆಗೆ ಓಡಿ ಅಲ್ಲಿ ಅತ್ತದ್ದು ನಮಗೆಲ್ಲ ಕೇಳಿಸಿತು. ಪಲ್ಯಕ್ಕೆ ಉಪ್ಪು ಹಾಕುವುದನ್ನು ಮರೆತಿದ್ದಳು. ಅತ್ತೆಯವರು ಉಪ್ಪು ಕೇಳದೆ ಉಂಡರು.

ಮರುದಿನ ನರ್ಸಬಾಯಿ ಬಂದಾಗ ಅತ್ತೆಯವರು ಆ ಊಟದ ಕಥೆಯನ್ನು ಪಿಚ್ಚರಿನಂತೆ ಪೂರ್ತಿ ಹೇಳಿದರು. ಹೇಳಿ ಮುಗಿದ ಮೇಲೆ, "ಆವತ್ತು ಅಂದದ್ದು ಮನಸಿನಾಗ ಇಟ್ಕೋಬ್ಯಾಡ್ರಿ" ಎಂದರು. ನರ್ಸಬಾಯಿ ಕಪ್ಪಿನ ತಳದ ಚಹಾ ಕುಡಿಯುತ್ತಾ, "ಏನಂದಿದ್ರಿ? ನನಗ ನೆನಪಿಲ್ಲ" ಎಂದರು. ನೆನಪಿತ್ತು. ನನಗೆ ಗೊತ್ತು.

ಇದಾಗಿ ಕೆಲವು ವರ್ಷಗಳ ಮೇಲೆ, ಕಳೆದ ಚಳಿಗಾಲದಲ್ಲಿ ನರ್ಸಬಾಯಿ ತೀರಿಕೊಂಡರು. ಭಾನುವಾರ ಚರ್ಚಿನಿಂದ ಬಂದು, ಸೀರೆ ಮಡಚಿಟ್ಟು, ಟೀವಿ ಹಚ್ಚಿಕೊಂಡು ಕುರ್ಚಿಯಲ್ಲಿ ಕೂತವರು ಹಾಗೇ ಇದ್ದರು. ನಾನು ಹೋದಾಗ ಪಿಚ್ಚರು ಅರ್ಧ ದಾಟಿ ಹೊಡೆದಾಟ ನಡೆದಿತ್ತು. ನಾನೇ ಆರಿಸಿದೆ. ಮಣ್ಣು ಮಾಡುವಾಗ ಅತ್ತೆಯವರೂ ಬಂದರು, ನಾದಿನಿಯೂ ಅಳಿಯನೂ ಮಗಳನ್ನು ಕರೆದುಕೊಂಡು ಬಂದರು. ಪಾಸ್ಟರ್ ಪ್ರಾರ್ಥನೆ ಮುಗಿಸಿದ ಮೇಲೆ ಅತ್ತೆಯವರು ಒಂದು ಹಿಡಿ ಮಣ್ಣು ಹಾಕಿ, ಕೈ ಕೊಡವಿಕೊಳ್ಳದೆ ನಿಂತರು. ಬಂದವರಿಗೆ ಓಣಿಯಲ್ಲಿ ಚಹಾ ಮಾಡಿದೆವು. ಹಾಲಿನವನು ಕೇಳದೆಯೇ ಒಂದು ಕ್ಯಾನು ಹಾಲು ತಂದು ಇಳಿಸಿದ. ಅತ್ತೆಯವರು ಒಂದು ಗುಟುಕು ಕುಡಿದು, "ಇವತ್ತ ನೀರು ಹಾಕಿಲ್ಲ" ಎಂದು ಸೆರಗಿನಿಂದ ಕಣ್ಣು ಮುಚ್ಚಿಕೊಂಡರು.

ಇವತ್ತು ಶನಿವಾರವಾದ್ದರಿಂದ ನಾದಿನಿ ಮಗಳ ಜೊತೆ ಬಂದಿದ್ದಾಳೆ. ಸೂಜಿಯಾದ ಮೇಲೆ ಅರ್ಧ ತಾಸು ಪಿಚ್ಚರ್ ಹೇಳುವ ಪಾಳಿ ಈಗ ಅತ್ತೆಯವರದೇ. ಮೊಮ್ಮಗಳು ಮುಂದ, ಮುಂದ ಎನ್ನುತ್ತಾಳೆ. ನನ್ನ ಮಗಳು ಫೋನಿನಲ್ಲಿ ಹುಡುಕಿ, "ಅಜ್ಜೀ, ಹಂಗಿಲ್ಲ ಅದರಾಗ, ಆ ಕಾಕಾ ಸಾಯ್ತಾನ" ಎಂದಳು. "ನಿನ್ನ ಫೋನಿಗೇನ್ ಗೊತ್ತು? ಅವಗ ಟೈಫಾಯಿಡ್ ಬರ್ತದ" ಎಂದು ಅತ್ತೆಯವರು ಗದರಿದರು.

ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ತೊಗರಿಬೇಳೆ ಸಾರು. ನಾದಿನಿಗೆ ಒಂದು ಶೇಂಗಾ ಹೋಳಿಗೆ. ಊಟವಾದ ಮೇಲೂ ಕಥೆ ಉಳಿದಿತ್ತು. ಕಾಕಾನಿಗೆ ಜ್ವರ ಬಂದು, ನಾಯಕಿ ಒಲೆಯ ಮೇಲೆ ಗಂಜಿಗೆ ಇಟ್ಟಿದ್ದಳು. ಅದು ಕುದಿಯುವ ಮೊದಲೇ ಅತ್ತೆಯವರಿಗೆ ನಿದ್ದೆ ಹತ್ತಿತು. ಮೊಮ್ಮಗಳು ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಉಳಿದದ್ದನ್ನು ನಾನು ಹೇಳಿ ಮುಗಿಸಿದೆ.